ಎನ್‌ಡಿಆರ್‌ಎಫ್ ಬರುವ ತನಕ ನಾವೇ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಚಿಕ್ಕಪ್ಪ ಗುಂಪಿನಲ್ಲಿ ಹಾಕಿದ ಮಾತಿಗೆ ಉತ್ತರ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕೈ ಖಾಲಿ ಇದ್ದಾಗ ಕೇಳಿ. ಚಿಕ್ಕಪ್ಪ ಕೇಳಿದ್ದು ಇಷ್ಟು: ಮಳೆಗಾಲಕ್ಕೆ ಎನ್‌ಡಿಆರ್‌ಎಫ್ ಅಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತಂಡ ಹೇಗೂ ಮಡಿಕೇರಿಗೆ ಬರುತ್ತದೆ, ಫೈರ್ ಸರ್ವಿಸ್ ಇದೆ, ತಾಲ್ಲೂಕು ಆಫೀಸಿದೆ, ಹಾಗಿರುವಾಗ ಊರಿನವರು ಸ್ವಯಂಸೇವಕರ ತಂಡ ಅಂತ ಯಾಕೆ ಮಾಡಬೇಕು, ಅಡ್ಡಗಾಲು ಹಾಕಿದ ಹಾಗೆ ಆಗುವುದಿಲ್ಲವಾ?

ಚಿಕ್ಕಪ್ಪ, ಕೇಳಿದ್ದು ಒಳ್ಳೆಯದೇ ಆಯಿತು. ಏನೂ ಕಲಿಯದೆ ಕೆಸರಿಗೆ ಇಳಿದರೆ ಖಂಡಿತ ಅಡ್ಡಗಾಲೇ. ಆದರೆ ಅವರು ಮಡಿಕೇರಿಯಲ್ಲಿ ಇರುವುದು ಬೇರೆ, ನಮ್ಮ ಅಂಗಳಕ್ಕೆ ಬಂದು ಮುಟ್ಟುವುದು ಬೇರೆ. 2018ರ ಆಗಸ್ಟ್ ನೆನಪಿದೆ ಅಲ್ವಾ? ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಬಂದು ಮಂಗಳೂರು ರಸ್ತೆಯೇ ಇಲ್ಲವಾಯಿತು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ ಕಡೆ ಒಂದೊಂದು ಊರೂ ದ್ವೀಪದ ಹಾಗೆ ಆಯಿತು. ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದ ಮೇಲೆ ಫೋನೂ ಇಲ್ಲ. ಮಂಜು ಕವಿದು ಹೆಲಿಕಾಪ್ಟರಿಗೂ ಕಷ್ಟವಾಯಿತು. ಸೈನ್ಯದವರು ಬಂದರು, ಎನ್‌ಡಿಆರ್‌ಎಫ್‌ನವರು ಬಂದರು, ಅವರ ಋಣ ನಾವು ತೀರಿಸಲಾರೆವು. ಆದರೆ ಅದಕ್ಕೂ ಮೊದಲು ವಯಸ್ಸಾದವರನ್ನು ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸಿದವರು ಪಕ್ಕದ ಮನೆಯವರು, ಪಕ್ಕದ ತೋಟದ ಹುಡುಗರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗಲೂ ಭಾಗಮಂಡಲದಲ್ಲಿ ರಸ್ತೆ ಮೇಲೆ ಹೊಳೆ ಹರಿಯುತ್ತಿತ್ತು. ರಕ್ಷಣಾ ತಂಡದವರು ಅಲ್ಲಿಗೆ ಹೋಗಿ ಸೇರುವುದೇ ದೊಡ್ಡ ಕೆಲಸವಾಗಿತ್ತು.

ಆ ಮೊದಲ ಕೆಲವು ಗಂಟೆ ಯಾವತ್ತಿದ್ದರೂ ನಮ್ಮ ಪಾಲಿನದು. ನಾವು ತಯಾರಿ ಮಾಡಬೇಕಾದದ್ದು ಅದಕ್ಕೆ.

ಹಗ್ಗ, ಹೆಲ್ಮೆಟ್ ಎಲ್ಲ ಆಮೇಲೆ. ಮೊದಲು ಬೇಕಾದದ್ದು ಒಂದು ನೋಟ್ ಪುಸ್ತಕ. ಕಳೆದ ತಿಂಗಳು ನಾವು ಮೂರು ಮನೆಯವರು ಸೇರಿ ನಮ್ಮ ಓಣಿಯದ್ದು ಬರೆದಿದ್ದೇವೆ. ಒಂದು ಪುಟದಲ್ಲಿ ಹೀಗಿದೆ: ಮೇಲಿನ ತಿರುವಿನ ಮನೆ. ಇಬ್ಬರು. ಅಜ್ಜಿಗೆ ನಡೆಯಲು ಆಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ಹೊರಬೇಕು, ನಾಲ್ಕು ಜನ ಬೇಕು. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿದೆ. ಕೊಟ್ಟಿಗೆಯಲ್ಲಿ ಎರಡು ಹಸು, ನಾಯಿ ಹಿಂದುಗಡೆ ಕಟ್ಟಿರುತ್ತಾರೆ. ಗ್ಯಾಸ್ ಸಿಲಿಂಡರ್ ಅಡುಗೆಮನೆಯ ಹೊರಗೆ. ಇಷ್ಟು ಗೊತ್ತಿದ್ದರೆ ಕತ್ತಲಲ್ಲಿ ಹೋದವರು ತಡಕಾಡಬೇಕಾಗಿಲ್ಲ. ಎನ್‌ಡಿಆರ್‌ಎಫ್‌ನವರು ಬಂದಾಗ ಮೊದಲು ಕೇಳುವುದೂ ಇದನ್ನೇ, ಒಳಗೆ ಎಷ್ಟು ಜನ, ಯಾವ ಕೋಣೆಯಲ್ಲಿ ಅಂತ. ಈ ಪುಸ್ತಕದ ಫೋಟೋ ದಯವಿಟ್ಟು ಯಾರೂ ಗುಂಪಿಗೆ ಹಾಕಬೇಡಿ. ಯಾರ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಅನ್ನುವುದು ಊರಿಗೆಲ್ಲ ಗೊತ್ತಾಗುವುದು ಬೇಡ.

ಇನ್ನೊಂದು ವಿಷಯ, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಈ ಗುಂಪಿನಲ್ಲಿ ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು, ಒಬ್ಬರೂ ಇಲ್ಲ. ನಮ್ಮ ಸುತ್ತಲಿನ ತೋಟಗಳಲ್ಲಿ ಅಸ್ಸಾಂನಿಂದ ಬಂದವರಿದ್ದಾರೆ, ಇಲ್ಲಿಯದೇ ಬುಡಕಟ್ಟಿನ ಯರವ ಕುಟುಂಬಗಳಿವೆ. ಎಷ್ಟೋ ಲೈನ್ ಮನೆ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಬುಡದಲ್ಲಿವೆ, ಇಲ್ಲವೇ ತೋಡಿನ, ಅಂದರೆ ಸಣ್ಣ ಹಳ್ಳದ ಪಕ್ಕದಲ್ಲಿವೆ. ನಮಗೆ ಬರುವ ಎಚ್ಚರಿಕೆಯ ಮೆಸೇಜ್ ಅವರಿಗೆ ಯಾರು ಹೇಳುತ್ತಾರೆ? ಮೇಸ್ತ್ರಿ ಊರಲ್ಲಿ ಇಲ್ಲದಿದ್ದರೆ? ಕನ್ನಡ ಬರದ ಹೆಂಗಸು ಎರಡು ಮಕ್ಕಳ ಜೊತೆ ಒಳಗಿದ್ದರೆ? ಪ್ರತಿ ತೋಟದಿಂದ ಒಬ್ಬರು ಈ ವಾರವೇ ಲೈನ್ ಮನೆಗೆ ಹೋಗಬೇಕು. ಎಷ್ಟು ಜನ, ಎಷ್ಟು ಮಕ್ಕಳು ಅಂತ ಬರೆದುಕೊಳ್ಳಬೇಕು. ಮನೆ ಬಿಟ್ಟರೆ ಸೇರಬೇಕಾದ ಶಾಲೆಯ ತನಕ ಅವರ ಜೊತೆ ನಡೆದೇ ಹೋಗಿ ದಾರಿ ತೋರಿಸಬೇಕು. ಬಾಯಲ್ಲಿ ಹೇಳಿ ಬಂದರೆ ಸಾಲದು. ನಮ್ಮ ತೋಟದಲ್ಲಿ ದುಡಿಯುವವರ ಜೀವಕ್ಕೆ ನಾವೇ ಹೊಣೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಗೊತ್ತಾ? ಮನೆ ಬಿಟ್ಟು ಬನ್ನಿ ಅಂತ ಒಪ್ಪಿಸುವುದು. ಹಸು ಬಿಟ್ಟು ಹೇಗೆ ಬರಲಿ ಅನ್ನುತ್ತಾರೆ, ದೇವರ ದೀಪ ಯಾರು ಹಚ್ಚುತ್ತಾರೆ ಅನ್ನುತ್ತಾರೆ. ಅವರ ಸಂಕಟ ಸುಳ್ಳಲ್ಲ. ಅದಕ್ಕೇ ಈ ಮಾತು ಬಿಸಿಲಿರುವಾಗಲೇ ಆಗಬೇಕು. ಹಸು ಯಾರ ಕೊಟ್ಟಿಗೆಗೆ ಹೋಗುತ್ತದೆ, ಆಗದಿದ್ದರೆ ಹಗ್ಗ ಬಿಚ್ಚುವವರು ಯಾರು, ಎಲ್ಲ ಈಗಲೇ ತೀರ್ಮಾನವಾಗಲಿ. ಯಾವಾಗ ಹೊರಡಬೇಕು ಅನ್ನುವುದಕ್ಕೂ ಗುರುತುಗಳಿವೆ. ಮನೆ ಹಿಂದಿನ ತೋಡಿನಲ್ಲಿ ಇದ್ದಕ್ಕಿದ್ದ ಹಾಗೆ ಕೆಂಪು ನೀರು ಬಂದರೆ, ಅಥವಾ ಅಷ್ಟು ಮಳೆಯಲ್ಲೂ ನೀರು ಕಡಿಮೆಯಾದರೆ. ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು ಬಿಟ್ಟರೆ. ಕಂಬ, ಮರ ವಾಲಿದರೆ. ನಿನ್ನೆ ತನಕ ಸರಿಯಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಬಿಗಿಯಾದರೆ. ಹೊಸ ಜಾಗದಲ್ಲಿ ಜಲ ಒಡೆದು ನೆಲದಿಂದ ನೀರು ಉಕ್ಕಿದರೆ. ಇದರಲ್ಲಿ ಒಂದು ಕಂಡರೂ ಯಾರನ್ನೂ ಕಾಯಬೇಡಿ, ಯಾರ ಅಪ್ಪಣೆಯೂ ಬೇಡ. ಹೊರಡಿ, ದಾರಿಯಲ್ಲಿ 112ಕ್ಕೋ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ ಹೇಳಿ. ಬರೆ ಕಡಿದು ಮನೆ ಕಟ್ಟಿದವರು, ಜೆಸಿಬಿಯಲ್ಲಿ ಹೊಸದಾಗಿ ರಸ್ತೆ ಮಾಡಿಸಿದವರು ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಹುಡುಗರಿಗೆ ಒಂದು ಮಾತು. ನಿಮ್ಮ ಧೈರ್ಯ ನನಗೆ ಗೊತ್ತು. ಆದರೆ ಕುಸಿದ ಜಾಗಕ್ಕೆ ಓಡಬೇಡಿ. ವಯನಾಡಿನಲ್ಲಿ 2024ರ ಜುಲೈ 30ರಂದು ನಡುರಾತ್ರಿ ಕಳೆದು ಒಂದು ಸಲ ಗುಡ್ಡ ಬಂತು, ಬೆಳಗಾಗುವ ಮೊದಲೇ ಇನ್ನೊಂದು ಸಲ ಬಂತು. ಒಬ್ಬರು ಮೇಲೆ ನೋಡುತ್ತಾ ನಿಂತು ಸೀಟಿ ಊದಲು ತಯಾರಿಲ್ಲದಿದ್ದರೆ ಯಾರೂ ಕೆಳಗೆ ಇಳಿಯಬಾರದು. ಮರ ಕೊಯ್ಯುವ ಮೆಷಿನ್ ಇರುವವರೇ ನಮ್ಮಲ್ಲಿ ನಿಜವಾಗಿ ಮೊದಲು ಬೇಕಾಗುವವರು. ಆಂಬುಲೆನ್ಸ್ ಬರಬೇಕಾದರೂ ರಸ್ತೆ ಮೇಲಿನ ಮರ ತೆಗೆಯಬೇಕಲ್ಲ. ಆದರೆ ತಂತಿ ಮೇಲೆ ಬಿದ್ದ ಮರ ಮುಟ್ಟಬೇಡಿ. ಕರೆಂಟಿನವರ 1912ಕ್ಕೆ ಹೇಳಿ, ಲೈನ್‌ಮ್ಯಾನ್ ಬಂದು ಲೈನ್ ಆಫ್ ಆಗಿದೆ ಅಂದ ಮೇಲೆಯೇ ಮೆಷಿನ್ ಶುರು ಮಾಡಿ. ಕರೆಂಟ್ ಹೋಗಿದೆ ಅಂದರೆ ತಂತಿ ಸತ್ತಿದೆ ಅಂತಲ್ಲ. ಯಾರದ್ದೋ ಮನೆಯ ಜನರೇಟರಿನಿಂದ ಹಿಂದಕ್ಕೆ ಹರಿಯಬಹುದು.

ತರಬೇತಿ ಎಲ್ಲಿ ಸಿಗುತ್ತದೆ ಅಂತ ಅತ್ತೆ ಕೇಳಿದ್ದರು. ಕೇಂದ್ರದ ಆಪದ ಮಿತ್ರ ಅಂತ ಯೋಜನೆ ಇದೆ. 350 ಜಿಲ್ಲೆಗಳಲ್ಲಿ 1 ಲಕ್ಷ ಜನರನ್ನು ತಯಾರು ಮಾಡುವ ಗುರಿಯಿಂದ ಮಾಡಿದ್ದು. ಅದರಲ್ಲಿ 12 ದಿನದ ತರಬೇತಿ, ಕೊನೆಗೆ ಒಂದು ಕಿಟ್ ಕೊಡುತ್ತಿದ್ದರು. ಹೊಸ ತಂಡ ಯಾವಾಗ ಅಂತ ಡಿಸಿ ಆಫೀಸಿನಲ್ಲಿ ವಿಚಾರಿಸುವ ಕೆಲಸ ನಾನು ತೆಗೆದುಕೊಳ್ಳುತ್ತೇನೆ. ಅಲ್ಲಿಯ ತನಕ ರಕ್ತ ನಿಲ್ಲಿಸುವುದು, ಕಾಲು ಮುರಿದವರನ್ನು ಅಲುಗಾಡಿಸದೆ ಎತ್ತುವುದು, ಉಸಿರು ನಿಂತವರ ಎದೆ ಒತ್ತುವುದು, ಇಷ್ಟನ್ನು ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನರ್ಸ್ ಕಲಿಸಲು ಒಪ್ಪಿದ್ದಾರೆ. ಎದೆಯ ನಡುವೆ ಸುಮಾರು 5 ಸೆಂಟಿಮೀಟರ್ ಇಳಿಯುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಒಬ್ಬರಿಗೆ ಎರಡೇ ನಿಮಿಷಕ್ಕೆ ಕೈ ಸೋತು ಬರುತ್ತದೆ. ಅದಕ್ಕೆ ಮನೆಗೆ ಒಬ್ಬರಾದರೂ ಕಲಿಯಿರಿ ಅನ್ನುತ್ತಿರುವುದು.

ಬೆಂಗಳೂರಲ್ಲಿ, ದುಬೈಯಲ್ಲಿ ಇರುವವರು ನಾವೇನು ಮಾಡಲಿ ಅಂತ ಕೇಳುತ್ತಿದ್ದೀರಿ. ಹಳೆ ಬಟ್ಟೆ ಕಳಿಸಬೇಡಿ, ಅದನ್ನು ವಿಂಗಡಿಸಲು ಇಲ್ಲಿ ಹತ್ತು ಕೈ ಬೇಕಾಗುತ್ತದೆ. ನಿಮ್ಮಿಂದ ಬೇರೆ ಕೆಲಸ ಬೇಕು. ಒಬ್ಬೊಬ್ಬರು ಮೂರು ಮನೆ ವಹಿಸಿಕೊಳ್ಳಿ. ರೆಡ್ ಅಲರ್ಟ್ ಬಂದ ದಿನ ಕತ್ತಲಾಗುವ ಮೊದಲು ಆ ಮೂರು ಮನೆಗೆ ಫೋನ್ ಮಾಡಿ, ಎಲ್ಲಿದ್ದಾರೆ ಅಂತ ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ಹೋದ ಮೇಲೆ ನಾವು ಒಬ್ಬರನ್ನೊಬ್ಬರು ಹುಡುಕುವಾಗ ನಿಮ್ಮಲ್ಲಿರುವ ಆ ಕೊನೆಯ ಮಾಹಿತಿಯೇ ದಿಕ್ಕು. ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್, ಪಹಣಿಯ ಫೋಟೋ ನಿಮ್ಮ ಹತ್ತಿರವೂ ಇರಲಿ. 2018ರಲ್ಲಿ ಮನೆಯ ಜೊತೆ ಕಾಗದಪತ್ರವೂ ಮಣ್ಣಾಗಿ ಪರಿಹಾರಕ್ಕೆ ಅಲೆದವರನ್ನು ನಾವೇ ನೋಡಿದ್ದೇವೆ. ಮತ್ತೆ, ಎಲ್ಲಿಯದು, ಯಾವತ್ತಿನದು ಅಂತ ಇಲ್ಲದ ಆಡಿಯೋ, ವಿಡಿಯೋ ಇಲ್ಲಿಗೆ ಕಳಿಸಬೇಡಿ. ಡ್ಯಾಮ್ ಒಡೆಯಿತಂತೆ ಅನ್ನುವ ಒಂದು ಮೆಸೇಜಿಗೆ ಜನ ಕತ್ತಲಲ್ಲಿ ತಪ್ಪು ದಾರಿ ಹಿಡಿದು ಓಡುತ್ತಾರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯಲ್ಲಿ ಸೇರೋಣ. ಮೆಷಿನ್ ಇರುವವರು, ಫೋರ್ ವೀಲ್ ಜೀಪ್ ಇರುವವರು ಹೆಸರು ಕೊಡಿ. ಶಾಲೆಯ ನೀರಿನ ಟ್ಯಾಂಕ್, ಶೌಚಾಲಯ ನೋಡಬೇಕು, ಮೈಕಿಗೆ ಬ್ಯಾಟರಿ ಹಾಕಿ ಪರೀಕ್ಷಿಸಬೇಕು. ಚಿಕ್ಕಪ್ಪ, ನೀವು ಖಂಡಿತ ಬನ್ನಿ. ಕೆಳಗಿನ ಸೇತುವೆ ಮುಳುಗಿದರೆ ಹೋಗಲು ಇದ್ದ ಹಳೆಯ ಕಾಲುದಾರಿ ಪೂರ್ತಿ ಗೊತ್ತಿರುವುದು ಈಗ ನಿಮಗೊಬ್ಬರಿಗೇ. ಕಾಡು ಬೆಳೆದು ಮುಚ್ಚಿದೆ. ನೀವು ಮುಂದೆ ನಡೆದರೆ ಹುಡುಗರು ಕತ್ತಿ ಹಿಡಿದು ಸವರಿಕೊಂಡು ಬರುತ್ತಾರೆ.