ಈ ತಿಂಗಳ ಕಥಾಸ್ಪರ್ಧೆ: ಎರಡರಲ್ಲಿ ಯಾವ ಕಥೆಗೆ ಮತ?

ಕಡಲತಡಿ, ಉಡುಪಿ
ನಮ್ಮ ಬಳಗದ ಮಾಸಿಕ ಸಣ್ಣಕಥಾ ಸ್ಪರ್ಧೆಗೆ ಈ ಸಲ ಕೊಟ್ಟ ವಸ್ತು ‘ಆಟಿ ತಿಂಗಳು’, ಅಂದರೆ ತುಳುನಾಡಿನಲ್ಲಿ ಜೋರುಮಳೆಗೆ ಕೆಲಸವಿಲ್ಲದೆ ಕೈ ಬರಿದಾಗುವ ತಿಂಗಳು. ಒಬ್ಬರಿಗೆ ಒಂದೇ ಮತ. ಫಲಿತಾಂಶ ಬರುವವರೆಗೆ ಕಥೆಗಾರರ ಹೆಸರು ಗುಟ್ಟು. ಎರಡು ಕಥೆಗಳಲ್ಲಿ ಯಾವುದನ್ನು ಆರಿಸಲಿ ಎಂದು ತೀರ್ಮಾನಿಸಲಾಗುತ್ತಿಲ್ಲ. ಮೊದಲನೆಯದು, ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ಮೀನುಗಾರಿಕಾ ನಿಷೇಧದ ಕೊನೆಯ ವಾರವನ್ನು ಮಲ್ಪೆಯ ಒಂದು ಮನೆಯೊಳಗಿನಿಂದ ನೋಡುವ ಕಥೆ. ಅದರಲ್ಲಿ ಒಂದು ಪದವನ್ನೂ ತೆಗೆಯುವಂತಿಲ್ಲ. ಎರಡನೆಯದರಲ್ಲಿ ಮುಂಬಯಿಯಿಂದ ಬಂದ ಮಗ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕತ್ತಿಯಿಂದ ಕೆತ್ತಿ ತರುತ್ತಾನೆ. ನಮ್ಮಲ್ಲಿ ಆ ದಿನ ಕಷಾಯ ಮಾಡಿ ಕುಡಿಯುವ ಆ ತೊಗಟೆಗೆ ಕಬ್ಬಿಣ ತಾಗಿಸುವುದಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯುತ್ತಾರೆ. ಕಥೆ ಬಹಳವಾಗಿ ತಟ್ಟಿದೆ. ಆದರೆ ಬರೆದವರಿಗೆ ಆಚರಣೆಯೇ ತಿಳಿದಿಲ್ಲವಾದರೆ ಅದನ್ನು ಅತ್ಯುತ್ತಮವೆಂದು ಆರಿಸುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನೇತ್ರಾವತಿ ದಂಡೆ, ಮಂಗಳೂರು
ಕತ್ತಿ ಅಲ್ಲಿಗೆ ತಿಳಿಯದೆ ಬಂದದ್ದಲ್ಲ. ಎರಡನೇ ಪುಟವನ್ನು ಮತ್ತೊಮ್ಮೆ ಓದಿ: ಮಗ ಏಳುವ ಮೊದಲೇ ಜಗಲಿಯ ಮೂಲೆಯ ಕಲ್ಲಿನ ಮೇಲೆ ಬೆಳ್ಳಗೆ ಏನೋ ಅಂಟಿಕೊಂಡಿದೆ ಎಂಬ ಮಾತು ಅಲ್ಲಿದೆ. ಅದು ಹಾಲೆಮರವನ್ನು ಜಜ್ಜಿದಾಗ ಒಸರುವ ಹಾಲು. ಅಂದರೆ ತಾಯಿ ಆಗಲೇ ಹೋಗಿ ತೊಗಟೆ ತಂದಿದ್ದಾರೆ. ಮಗ ತಂದದ್ದನ್ನು ಬೇಡವೆನ್ನದೆ ತೆಗೆದಿಟ್ಟು, ತಾವು ತಂದದ್ದನ್ನು ಅರೆದು, ಓಮ, ಬೆಳ್ಳುಳ್ಳಿ ಸೇರಿಸಿ ಅವನಿಗೆ ಕುಡಿಸುತ್ತಾರೆ. ಕಥೆಗಾರರು ಇದನ್ನು ಎಲ್ಲಿಯೂ ಬಿಡಿಸಿ ಹೇಳಿಲ್ಲ. ಆಚರಣೆಯನ್ನು ವಿವರಿಸುವ ಕಥೆಗಳು ಬೇಕಾದಷ್ಟು ಬರುತ್ತವೆ. ಅದರ ಮೂಲಕ ತಾಯಿ ಮಗನ ಸಂಬಂಧವನ್ನು ಹೀಗೆ ಕಾಣಿಸಿದ್ದು ಅಪರೂಪ. ನನ್ನ ಮತ ಇದಕ್ಕೇ.

ಓದುಗ, ಕಾಪು
ಮೇಲಿನ ಮಾತಿಗೆ ಒಂದು ಸೇರ್ಪಡೆ. ತಾಯಿಯ ನಡೆಗೆ ಸಂಪ್ರದಾಯವೊಂದೇ ಕಾರಣವಲ್ಲ. ನಸುಕಿನ ಕತ್ತಲಲ್ಲಿ ಹಾಲೆಯೆಂದು ಭಾವಿಸಿ ಕಾಸರಕದ ತೊಗಟೆ ತಂದರೆ ಅದು ವಿಷ. ಆದುದರಿಂದಲೇ ಮರ ಬಲ್ಲವರು ಹಿಂದಿನ ದಿನ ಹಗಲಿನಲ್ಲಿಯೇ ಗುರುತು ಮಾಡಿಡುತ್ತಾರೆ. ಊರು ಬಿಟ್ಟು ವರ್ಷಗಳಾದ ಮಗನಿಗೆ ಮರದ ಗುರುತು ಉಳಿದಿದೆಯೋ ಇಲ್ಲವೋ ಎಂಬ ಭಯ ತಾಯಿಗಿದೆ, ಅದನ್ನು ಹೇಳಿದರೆ ಅವನಿಗೆ ನೋವಾದೀತೆಂಬ ಸಂಕೋಚವೂ ಇದೆ. ಕೊನೆಯಲ್ಲಿ ಮೆಂತೆ ಗಂಜಿ ಬಡಿಸುತ್ತ ಅವರು “ಯಾವ ಕಡೆಯ ಮರದ್ದು ಮಗಾ?” ಎಂದು ಕೇಳುವುದನ್ನು ಹೀಗೆ ಓದಿದಾಗ ನನಗೆ ಕಣ್ಣು ತುಂಬಿತು.

ಪಂಚಗಂಗಾವಳಿ, ಕುಂದಾಪುರ
ಇಬ್ಬರ ವಿವರಣೆಯೂ ಸರಿಯಾಗಿದೆ. ಆದರೂ ನಾನು ಮಲ್ಪೆಯ ಕಥೆಯ ಪಕ್ಷ. ಧಾರವಾಡದ ಅಥವಾ ಮೈಸೂರಿನ ಓದುಗರಿಗೆ ಕಲ್ಲಿಗೆ ಅಂಟಿದ ಹಾಲು ಏನನ್ನೂ ಹೇಳದು. ಹೆಂಡತಿ ಸಾಲದ ಪುಸ್ತಕವನ್ನು ಗಂಡನ ಕಣ್ಣಿಗೆ ಬೀಳದಂತೆ ಖಾಲಿ ಅಕ್ಕಿ ಡಬ್ಬಿಯೊಳಗೆ ಇಡುವುದು ಎಲ್ಲಿಯವರಿಗೂ ತಿಳಿಯುತ್ತದೆ. ಆಟಿ ಎಂಬ ಪದ ಅಲ್ಲಿ ಒಂದೇ ಸಲ ಬರುತ್ತದೆ, ಆಟಿಯ ಬಡತನವಂತೂ ಮೊದಲ ಸಾಲಿನಿಂದಲೇ ಇದೆ. ಹೊರಗಿನವರಿಗೆ ಟಿಪ್ಪಣಿ ಬೇಡದ ಕಥೆಯನ್ನು ನಾನು ಮೇಲಿಡುತ್ತೇನೆ.

ಕಡಲತಡಿ, ಉಡುಪಿ
ಎಲ್ಲರಿಗೂ ವಂದನೆಗಳು. ಕುಂದಾಪುರದವರ ವಾದದಲ್ಲಿ ತೂಕವಿದೆ. ಆದರೆ ಕಲ್ಲಿನ ಗುಟ್ಟು ತಿಳಿಯದವರಿಗೂ ಮಗ ತಂದ ತೊಗಟೆಯನ್ನು ತಾಯಿ ಪಕ್ಕಕ್ಕಿಡುವುದು ಕಾಣುತ್ತದೆ, ಆ ಕೊನೆಯ ಪ್ರಶ್ನೆ ಕೇಳಿಸುತ್ತದೆ. ಹಾಲೆಮರದ ಕಥೆಗೆ ಮತ ಹಾಕುತ್ತಿದ್ದೇನೆ. ಅಕ್ಕಿ ಡಬ್ಬಿಯ ಸಂದರ್ಭದ ಕುರಿತು ಮಲ್ಪೆಯ ಕಥೆ ಬರೆದವರಿಗೆ, ಫಲಿತಾಂಶ ಬಂದು ಹೆಸರು ತಿಳಿದ ಮೇಲೆ, ಪ್ರತ್ಯೇಕವಾಗಿ ಅಭಿಪ್ರಾಯ ಕಳುಹಿಸುತ್ತೇನೆ.