ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ: ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ (ಕುವೆಂಪುನಗರ, ಮೈಸೂರು): ಮೊನ್ನೆಯ ಗಾಳಿಮಳೆಯ ನಂತರ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ನಿಂತುಹೋಗಿದ್ದು, ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದೆ. ಸಹಾಯವಾಣಿಯವರು ಪ್ರತಿ ಸಲವೂ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಮಗಳ ಪರೀಕ್ಷೆ ಹತ್ತಿರವಿರುವುದರಿಂದ ಚಿಂತೆಯಾಗಿದೆ. ನಾವೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 1 (ಸರಸ್ವತಿಪುರಂ): ಆ ದೀಪದ ಅರ್ಥ, ಫೈಬರಿನೊಳಗಿನ ಬೆಳಕಿನ ಸಂಕೇತವೇ ನಿಮ್ಮ ಪೆಟ್ಟಿಗೆಗೆ ತಲುಪುತ್ತಿಲ್ಲ ಎಂದು, ಆದ್ದರಿಂದ ವೈಫೈ ಪಾಸ್‌ವರ್ಡ್ ಬದಲಿಸುವುದರಿಂದ ಪ್ರಯೋಜನವಿಲ್ಲ. ಹಿಂಬದಿಯ ತೆಳುವಾದ ಕೇಬಲ್ ಮೇಜು, ಬಾಗಿಲುಗಳ ಸಂದಿಯಲ್ಲಿ ಸಿಕ್ಕಿ ಮಡಿಚಿಕೊಂಡಿದೆಯೇ ನೋಡಿ, ಏಕೆಂದರೆ ಗಾಜಿನ ಎಳೆ ತೀವ್ರವಾಗಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ದಯವಿಟ್ಟು ಕೇಬಲಿನ ತುದಿಯನ್ನು ಕಣ್ಣಿಟ್ಟು ನೋಡಬೇಡಿ. ಆ ಲೇಸರ್ ಕಣ್ಣಿಗೆ ಕಾಣದಿದ್ದರೂ ಅಪಾಯಕಾರಿ. ರೀಸೆಟ್ ಗುಂಡಿಯನ್ನೂ ಒತ್ತಬೇಡಿ, ಸಂಪರ್ಕದ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು.

ಉತ್ತರ 2 (ಮಂಡ್ಯ): ಅದೇ ಸೇವೆಯಿರುವ ಅಕ್ಕಪಕ್ಕದವರನ್ನು ವಿಚಾರಿಸಿ. ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ ಹಲವು ಮನೆಗಳಿಗೆ ಹಂಚಿರುತ್ತಾರೆ. ಎಲ್ಲರದ್ದೂ ನಿಂತಿದ್ದರೆ ದೋಷ ಬೀದಿಯಲ್ಲಿದೆ. ದೂರಿನ ಸಂಖ್ಯೆಯನ್ನು ಕಡ್ಡಾಯವಾಗಿ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದಂತೆ ಮೇಲ್ಮನವಿಯನ್ನು 39 ದಿನಗಳೊಳಗೆ ತೀರ್ಮಾನಿಸಬೇಕು. ಆದರೆ ಬಿಡಿ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ಅಲ್ಲಿಯವರೆಗೆ ಮಗಳಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿಚಾರಿಸಿದಾಗ ಪಕ್ಕದ ಎರಡು ಮನೆಗಳಲ್ಲೂ ಸಂಪರ್ಕವಿಲ್ಲವೆಂದು ತಿಳಿಯಿತು. ತಿರುವಿನಲ್ಲಿ ಮರದ ಕೊಂಬೆಯೊಂದು ಕೇಬಲಿನ ಮೇಲೆಯೇ ಬಿದ್ದಿದೆ. ಮೂವರೂ ಪ್ರತ್ಯೇಕವಾಗಿ ದೂರು ದಾಖಲಿಸಿದ್ದೇವೆ.