ಪದಚರ್ಚೆ: ಪ್ಲಿನಿಯ 'ಹಿಸ್ತೋರಿಯಾ' ಕನ್ನಡದಲ್ಲಿ ಏನು? (ಸ್ವಲ್ಪ ಅರ್ಜೆಂಟು)

ನಮಸ್ಕಾರ. ಸಾಂಬಾರ ಪದಾರ್ಥಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ರೋಮಿನ ಲೇಖಕ ಹಿರಿಯ ಪ್ಲಿನಿ ಕ್ರಿ.ಶ. 77ರಲ್ಲಿ, ಮುಂದೆ ಚಕ್ರವರ್ತಿಯಾದ ಟೈಟಸ್‌ಗೆ ಅರ್ಪಿಸಿದ 37 ಸಂಪುಟಗಳ 'ನಾತೂರಾಲಿಸ್ ಹಿಸ್ತೋರಿಯಾ'ವನ್ನು 'ನಿಸರ್ಗದ ಇತಿಹಾಸ' ಎಂದು ಬರೆದಿದ್ದೆ. ಓದಿದವರು "ಕಾಡು ಹೇಗೆ ಹುಟ್ಟಿತು ಅನ್ನೋ ಪುಸ್ತಕವಾ?" ಎನ್ನುತ್ತಿದ್ದಾರೆ. ಅದರಲ್ಲಿ ಗಿಡ, ಪ್ರಾಣಿ, ಲೋಹ, ಮದ್ದು ಎಲ್ಲ ಇದೆ. ಬೇರೆ ಪದ ಹೇಳಿ.

---
ಇತಿಹಾಸ ಬೇಡವೇ ಬೇಡ. ಇತಿ-ಹ-ಆಸ ಅಂದರೆ 'ಹೀಗಿತ್ತಂತೆ'. ಗ್ರೀಕಿನ ಹಿಸ್ತೋರಿಯಾ ಅಂದರೆ ವಿಚಾರಿಸಿ ತಿಳಿಯುವುದು, ಹಳೇ ಕತೆಯೇ ಆಗಬೇಕಿಲ್ಲ. 'ನಿಸರ್ಗ ವಿಚಾರ' ಎನ್ನಿ.

---
> ಅಂದರೆ 'ಹೀಗಿತ್ತಂತೆ'

ಸರಿಯಾಗೇ ಇದೆಯಲ್ಲ ಸಾರ್! 7ನೇ ಸಂಪುಟ ನೋಡಿ. ಭಾರತದ ಬೆಟ್ಟಗಳಲ್ಲಿ ನಾಯಿತಲೆಯ ಜನ ಇದ್ದಾರಂತೆ, ಮಾತಿನ ಬದಲು ಬೊಗಳುತ್ತಾರಂತೆ. ಒಂಟಿಕಾಲಿನವರು ಬಿಸಿಲಿಗೆ ಅಂಗಾತ ಮಲಗಿ ಪಾದವನ್ನೇ ಕೊಡೆ ಮಾಡಿಕೊಳ್ಳುತ್ತಾರಂತೆ. ಬರೀ ಅಂತೆಕಂತೆ. ಫಲಕಕ್ಕೆ 'ನಿಸರ್ಗ ಚರಿತ್ರೆ' ಸಾಕು. ಚರಿತ್ರೆಗೆ ನಡೆ, ನಡವಳಿಕೆ ಅನ್ನೋ ಅರ್ಥವೂ ಇದೆ.

---
ನಿಸರ್ಗ, ವಿಚಾರ, ಚರಿತ್ರೆ. ಒಂದಾದರೂ ಕನ್ನಡದ್ದಾ? 'ಇರವರಿಮೆ' ಎನ್ನಿ. ಇರುವುದನ್ನೆಲ್ಲ ಅರಿಯುವುದು.

---
ಇರುವೆಯ ಪುಸ್ತಕ ಅಂದುಕೊಳ್ತಾರೆ. ಇರುವೆಯೂ ಇದೆ ಬಿಡಿ, 11ನೇ ಸಂಪುಟದಲ್ಲಿ, ನೆಲ ತೋಡಿ ಚಿನ್ನ ತೆಗೆಯುವ ಭಾರತದ ಇರುವೆ.

ಎರವಲು ಅಂದರೆ ಮೈಮೇಲೆ ಬರುವವರು ಪ್ಲಿನಿಯ ಮುನ್ನುಡಿ ಓದಬೇಕು. ಹಳ್ಳಿಗರ ಮಾತು, ಹೊರನಾಡಿನ ಮಾತು, ಅನಾಗರಿಕರ ಮಾತು ಕೂಡ ಬಳಸಬೇಕಾಗುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ. 12ನೇ ಸಂಪುಟದಲ್ಲಿ ಮೆಣಸಿನ ದರ ಬರೆಯುವಾಗ ಬಳಸಿದ ಲ್ಯಾಟಿನ್ ಪದ 'ಪಿಪೆರ್' ಕೂಡ ಗ್ರೀಕಿನ ಮೂಲಕ ಇಲ್ಲಿಂದಲೇ ಹೋದದ್ದು. ನಮ್ಮ ಹಿಪ್ಪಲಿಯ ನಂಟು.

---
ಅದು ಸಂಸ್ಕೃತದ ಪಿಪ್ಪಲಿ. ನಮ್ಮದು ಅನ್ನಬೇಡಿ.

---
ಅಂಗಡಿಗೆ ಹೋಗಿ ಏನೆಂದು ಕೇಳ್ತೀರಿ, ಹೇಳಿ ನೋಡೋಣ. ಹೊಸ ಪದ ಕಟ್ಟುವುದು ಸುಲಭ. ಅದನ್ನು ಬಳಸುವವರು ಬೇಕಲ್ಲ, ಅದೇ ಕಷ್ಟ.

---
ಬಳಸಿದರೆ ತಾನೇ ಬಳಕೆಗೆ ಬರೋದು? ಸಂಸ್ಕೃತಕ್ಕೆ ಮಾತ್ರ ರಿಯಾಯಿತಿ ಯಾಕೆ?

---
ಎಲ್ಲರಿಗೂ ಧನ್ಯವಾದ. 'ನಿಸರ್ಗ ಚರಿತ್ರೆ' ಎಂದೇ ಕಳಿಸುತ್ತಿದ್ದೇನೆ. ಕೊನೆಯದೊಂದು. ಒಂದು ಪೌಂಡು ಹಿಪ್ಪಲಿಗೆ 15 ದಿನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಕರಿಮೆಣಸಿಗೆ 4 ಎಂದು ದರ ಕೊಟ್ಟಿದ್ದಾನೆ. ರೋಮಿನ ಪೌಂಡಿಗೆ 'ರಾತಲು' ಅಂದರೆ ನಡೆಯುತ್ತಾ?

---
ರಾತಲು ಅರಬ್ಬಿ.